ವಿಂಡೋಸ್ 10 ಮತ್ತು ವಿಂಡೋಸ್ 11: ಬೆಳೆಗಾರರು ತಿಳಿದಿರಬೇಕಾದ ವಿಷಯಗಳು

ಕಬ್ಬು ಅಭಿವೃದ್ಧಿ ಅಧಿಕಾರಿಯಿಂದ



ತಳಿ, ಗೊಬ್ಬರ, ರವದಿ, ಕೂಳೆ ಬೆಳೆ ಎಂದು ಬರೆಯುವ ಈ ಪುಟದಲ್ಲಿ ಈ ಸಲ ಕಂಪ್ಯೂಟರಿನ ವಿಷಯವೇಕೆ ಬಂತೆಂದು ತಾವು ಕೇಳಬಹುದು. ಆದೋನಿ, ಕೌತಾಳ, ಹೊಳಗುಂದ, ಕೋಸಿಗಿ ಕಡೆಯ ಹಳ್ಳಿಗಳಿಗೆ ತೋಟ ನೋಡಲು ಹೋದಾಗ ಕಬ್ಬಿನ ಪ್ರಶ್ನೆಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ಈಗ ಬರುತ್ತಿದೆ. "ಸರ, ನಮ್ಮ ಹುಡುಗನ ಕಂಪ್ಯೂಟರಿನ್ಯಾಗ ವಿಂಡೋಸ್ ಹತ್ತು ಐತಿ. ಅದು ಮುಗದೋತು, ಹೊಸ ಮಷೀನೇ ತಗೋಬೇಕು ಅಂತ ಅಂಗಡ್ಯಾಗ ಹೇಳ್ತಾರ. ಹೌದೇನ್ರಿ?"

ಹೊಸ ಯಂತ್ರವೆಂದರೆ ಮೂವತ್ತು ನಲವತ್ತು ಸಾವಿರ ರೂಪಾಯಿಗಳ ಮಾತು. ಒಂದು ಎಕರೆ ಕಬ್ಬಿನ ಬೇಸಾಯದ ಖರ್ಚಿನಲ್ಲಿ ಅದು ದೊಡ್ಡ ಪಾಲು. ಅಂಗಡಿಯವರು ಹೇಳುವುದರಲ್ಲಿ ಅರ್ಧ ನಿಜವಿದೆ, ಅರ್ಧ ವ್ಯಾಪಾರವಿದೆ. ಯಾವ ಅರ್ಧ ಯಾವುದೆಂದು ತಿಳಿದುಕೊಂಡ ಮೇಲೆ ಹಣದ ಚೀಲಕ್ಕೆ ಕೈ ಹಾಕುವುದು ಒಳ್ಳೆಯದು.

ಆಪರೇಟಿಂಗ್ ಸಿಸ್ಟಂ ಎಂದರೇನು?

ಕೆಳಮಟ್ಟದ ಕಾಲುವೆಯ ನೀರು ತೂಬಿಗೆ ಬಂದಾಗ ಯಾರ ಹೊಲಕ್ಕೆ ಮೊದಲು, ಎಷ್ಟು ಹೊತ್ತು, ಯಾರದು ಮುಗಿದ ಮೇಲೆ ಯಾರದು ಎಂದು ನೋಡಿಕೊಳ್ಳುವವನು ನೀರಗಂಟಿ. ಕಂಪ್ಯೂಟರಿನೊಳಗೆ ಇದೇ ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಂ. ಪತ್ರ ಬರೆಯುವ ಪ್ರೋಗ್ರಾಮು, ಲೆಕ್ಕದ ಪ್ರೋಗ್ರಾಮು, ಇಂಟರ್ನೆಟ್ ನೋಡುವ ಬ್ರೌಸರು, ಇವೆಲ್ಲ ಹೊಲಗಳಿದ್ದಂತೆ. ಯಂತ್ರದ ಶಕ್ತಿಯನ್ನೂ ಮೆಮೊರಿಯನ್ನೂ ಇವುಗಳಿಗೆ ಸರದಿಯ ಪ್ರಕಾರ ಹಂಚುವುದು, ಒಂದರ ನೀರು ಇನ್ನೊಂದಕ್ಕೆ ನುಗ್ಗದಂತೆ ಕಾಯುವುದು, ಹೊರಗಿನವರು ಬಂದು ಬದು ಒಡೆಯದಂತೆ ನೋಡುವುದು ಅದರ ಹೊಣೆ. ನೀರಗಂಟಿ ಬದಲಾದ ಮಾತ್ರಕ್ಕೆ ಹೊಲವಾಗಲಿ ಬೆಳೆಯಾಗಲಿ ಬದಲಾಗುವುದಿಲ್ಲ. ಆದರೆ ಆತ ಕೆಲಸ ಬಿಟ್ಟುಹೋದರೆ ಸುತ್ತಮುತ್ತಲಿನವರಿಗೆ ಮೊದಲು ಗೊತ್ತಾಗುತ್ತದೆ.

ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ನ್ನು 2015ರ ಜುಲೈ 29ರಂದು ಹೊರತಂದಿತು. ವಿಂಡೋಸ್ 11 ಬಂದುದು 2021ರ ಅಕ್ಟೋಬರ್ 5ರಂದು. ನಾಲ್ಕು ವರ್ಷ ಎರಡೂ ಜೊತೆಯಲ್ಲಿ ನಡೆದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ದುರಸ್ತಿ ಸೇವೆಯನ್ನು ಕಂಪನಿ ನಿಲ್ಲಿಸಿತು. ಅಂಗಡಿಯವರು "ಮುಗಿಯಿತು" ಎನ್ನುವುದು ಇದನ್ನೇ.

"ಮುಗಿಯಿತು" ಎಂದರೆ ನಿಂತುಹೋಯಿತೆಂದಲ್ಲ

ಆ ತಾರೀಖಿನ ಮರುದಿನವೂ ವಿಂಡೋಸ್ 10 ಇದ್ದ ಯಂತ್ರಗಳು ಎಂದಿನಂತೆ ಚಾಲೂ ಆದವು. ಕಡತಗಳು ಅಳಿಸಿಹೋಗಲಿಲ್ಲ, ಪ್ರಿಂಟರು ನಿಲ್ಲಲಿಲ್ಲ. ನಿಂತುದು ತಿಂಗಳು ತಿಂಗಳು ಬರುತ್ತಿದ್ದ ಭದ್ರತೆಯ ದುರಸ್ತಿ ಮಾತ್ರ.

ಇದನ್ನು ಕಬ್ಬಿನ ಲೆಕ್ಕದಲ್ಲಿ ಹೇಳುವುದು ನನಗೆ ಸುಲಭ. ಉತ್ತರ ಭಾರತದ ಬೆಳೆಗಾರರು ಕೋ 0238 ಎಂಬ ತಳಿಯನ್ನು ನಂಬಿ ಲಕ್ಷಾಂತರ ಹೆಕ್ಟೇರಿನಲ್ಲಿ ಹಾಕಿದರು. ಇಳುವರಿಯೂ ಸಕ್ಕರೆ ಅಂಶವೂ ಎರಡೂ ಚೆನ್ನಾಗಿದ್ದವು. ಕೆಲವು ವರ್ಷಗಳಲ್ಲಿ ಕೆಂಪು ಕೊಳೆ ರೋಗದ ಹೊಸ ರೂಪವೊಂದು ಬಂದು ಅದೇ ತಳಿಯನ್ನು ಹಿಡಿದುಕೊಂಡಿತು. ತಳಿ ಕೆಟ್ಟಿರಲಿಲ್ಲ, ರೋಗವು ದಾರಿ ಕಲಿತಿತ್ತು. ಕಂಪ್ಯೂಟರಿಗೆ ಬರುವ ದುಷ್ಟ ಪ್ರೋಗ್ರಾಮುಗಳೂ ಹೀಗೆಯೇ ದಾರಿ ಕಲಿಯುತ್ತಿರುತ್ತವೆ. ದುರಸ್ತಿ ಬರುತ್ತಿರುವ ತನಕ ದಾರಿ ಮುಚ್ಚುತ್ತಿರುತ್ತದೆ. ದುರಸ್ತಿ ನಿಂತ ದಿನದಿಂದ ಕಂಡುಹಿಡಿದ ಪ್ರತಿಯೊಂದು ದಾರಿಯೂ ತೆರೆದೇ ಉಳಿಯುತ್ತದೆ.

ಇದು ಬರಿ ಹೆದರಿಕೆಯ ಮಾತಲ್ಲ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ದುಷ್ಟ ಪ್ರೋಗ್ರಾಮು ಹರಡಿ, ಯಂತ್ರಗಳಲ್ಲಿದ್ದ ಕಡತಗಳಿಗೆ ಬೀಗ ಹಾಕಿ, ಬಿಡಿಸಬೇಕಾದರೆ ಹಣ ಕೊಡಿ ಎಂದು ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ನಮ್ಮ ಆಂಧ್ರಪ್ರದೇಶದಲ್ಲಿ ಚಿತ್ತೂರು ಮೊದಲಾದ ಕಡೆ ಪೊಲೀಸ್ ಇಲಾಖೆಯ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದವು. ಗಮನಿಸಬೇಕಾದ ಸಂಗತಿ ಏನೆಂದರೆ, ಆ ತೂತನ್ನು ಮುಚ್ಚುವ ದುರಸ್ತಿಯನ್ನು ಕಂಪನಿ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದೇ, ಬಿಟ್ಟಿತ್ತು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ಆಗ ಇನ್ನೂ ಸೇವೆಯಲ್ಲಿದ್ದ ವಿಂಡೋಸ್ 7ರವು. ಬಂದ ದುರಸ್ತಿಯನ್ನು ಯಾರೂ ಹಾಕಿಕೊಂಡಿರಲಿಲ್ಲ, ಅಷ್ಟೆ. ಆದುದರಿಂದ ವಿಂಡೋಸ್ 11 ತಂದು, "ನೆಟ್ಟು ಖರ್ಚಾಗುತ್ತದೆ" ಎಂದು ಅಪ್‌ಡೇಟುಗಳನ್ನು ನಿಲ್ಲಿಸಿಟ್ಟವರ ಯಂತ್ರವು ಹಳೆಯದಕ್ಕಿಂತ ಹೆಚ್ಚು ಕ್ಷೇಮವೇನಲ್ಲ.

ಹಾಗಾದರೆ ಹೊಸದರಲ್ಲಿ ಏನು ಬೇರೆ?

ಕಣ್ಣಿಗೆ ಕಾಣುವ ವ್ಯತ್ಯಾಸಗಳು ಸಣ್ಣವು. ಕೆಳಗಿನ ಪಟ್ಟಿಯ ಗುಂಡಿಗಳು ಎಡಮೂಲೆಯಿಂದ ನಡುವಿಗೆ ಬಂದಿವೆ, ಬೇಕಾದವರು ಮತ್ತೆ ಎಡಕ್ಕೆ ತರಬಹುದು. ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿ ಚಿಕ್ಕದಾಗಿದೆ, ಹಳೆಯ ಪೂರ್ತಿ ಪಟ್ಟಿ ಇನ್ನೊಂದು ಹೆಜ್ಜೆ ಒಳಗಿದೆ. ಎರಡು ದಿನ ಬೈದುಕೊಂಡು ಮೂರನೆಯ ದಿನ ರೂಢಿಯಾಗುವ ವಿಷಯಗಳಿವು. ಅಡಂಗಲ್ ಮತ್ತು ಒನ್-ಬಿ ನೋಡುವ ‘ಮೀ ಭೂಮಿ’, ಗಡಿಯ ಆಚೆ ಹೊಲವಿರುವವರು ಪಹಣಿ ನೋಡುವ ಕರ್ನಾಟಕದ ‘ಭೂಮಿ’, ಬ್ಯಾಂಕಿನ ಪುಟ, ಮಕ್ಕಳ ಪರೀಕ್ಷೆಯ ಅರ್ಜಿ, ಇವೆಲ್ಲ ಬ್ರೌಸರಿನಲ್ಲಿ ತೆರೆಯುವಂಥವು. ಅವುಗಳ ಮಟ್ಟಿಗೆ ಹತ್ತಾದರೇನು, ಹನ್ನೊಂದಾದರೇನು?

ನಿಜವಾದ ವ್ಯತ್ಯಾಸ ಇರುವುದು ಬಾಗಿಲಲ್ಲಿ. ವಿಂಡೋಸ್ 10 ಎಂಥ ಹಳೆಯ ಯಂತ್ರವನ್ನೂ ಒಳಗೆ ಬಿಟ್ಟುಕೊಳ್ಳುತ್ತಿತ್ತು. 1 ಜಿಬಿ ಮೆಮೊರಿಯ 32 ಬಿಟ್ ಯಂತ್ರದಲ್ಲೂ ಅದು ಕುಂಟುತ್ತ ನಡೆಯುತ್ತಿತ್ತು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಜಾಗ, ಚಾಲೂ ಆಗುವಾಗಲೇ ಕಳ್ಳ ಪ್ರೋಗ್ರಾಮು ನುಸುಳದಂತೆ ತಡೆಯುವ ‘ಸೆಕ್ಯೂರ್ ಬೂಟ್’, ಇವುಗಳ ಜೊತೆಗೆ ‘ಟಿಪಿಎಂ 2.0’ ಎಂಬ ಚಿಕ್ಕ ಭಾಗವೂ ಬೇಕು. ಟಿಪಿಎಂ ಎಂದರೆ ಯಂತ್ರದ ಬೀಗದ ಕೀಲಿಗಳನ್ನು ಬೇರೆ ಪ್ರೋಗ್ರಾಮುಗಳ ಕೈಗೆ ಸಿಗದ ಹಾಗೆ ಇಟ್ಟುಕೊಳ್ಳುವ ಒಂದು ತಿಜೋರಿ. ಇದಲ್ಲದೆ ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದು ಅಥವಾ ಅದಕ್ಕೂ ಈಚಿನದು ಆಗಿರಬೇಕು. ಎಂಟನೆಯ ಪೀಳಿಗೆ ಮಾರುಕಟ್ಟೆಗೆ ಬಂದುದು 2017ರ ಕೊನೆಯ ಭಾಗದಲ್ಲಿ. ಎಷ್ಟೋ ಮನೆಗಳ ಚೆನ್ನಾಗಿ ನಡೆಯುತ್ತಿದ್ದ ಯಂತ್ರಗಳು ಈ ಒಂದೇ ನಿಬಂಧನೆಯಿಂದ ಹೊರಗುಳಿದವು. ಭದ್ರತೆಯ ದೃಷ್ಟಿಯಿಂದ ಇದಕ್ಕೆ ಕಾರಣವಿದೆಯೆಂದು ಒಪ್ಪೋಣ. ಆದರೂ ಕೆಡದ ಎತ್ತನ್ನು ಸಂತೆಗೆ ಹೊಡೆಸುವ ಈ ಕ್ರಮ ನಮ್ಮಂಥ ದೇಶಕ್ಕೆ ದುಬಾರಿಯೆಂದೇ ನನ್ನ ಅಭಿಪ್ರಾಯ.

ನಿಮ್ಮ ಯಂತ್ರ ಯಾವುದೆಂದು ನೀವೇ ನೋಡಿಕೊಳ್ಳಿ

ಇದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ. ಮೊದಲು ಪ್ರೊಸೆಸರಿನ ಹೆಸರು ನೋಡಿ. ಯಂತ್ರದ ಮೇಲೆ ಅಂಟಿಸಿದ ಚೀಟಿಯಲ್ಲಿ, ಇಲ್ಲವೇ ‘ಸೆಟ್ಟಿಂಗ್ಸ್’ ಒಳಗೆ ‘ಸಿಸ್ಟಂ’, ಅದರೊಳಗೆ ‘ಅಬೌಟ್’ ಎಂಬಲ್ಲಿ ಅದು ಸಿಗುತ್ತದೆ. ಐ3-6006 ಎಂದಿದ್ದರೆ ಅಡ್ಡಗೆರೆಯ ನಂತರದ 6 ಎಂಬುದು ಆರನೆಯ ಪೀಳಿಗೆ, ಅದು ಆಗದು. ಐ5-8250 ಎಂದಿದ್ದರೆ ಎಂಟನೆಯದು, ಆಗುತ್ತದೆ. ಐ5-10210 ಎಂದಿದ್ದರೆ ಹತ್ತನೆಯದು. ಮೈಕ್ರೋಸಾಫ್ಟಿನವರೇ ಕೊಡುವ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ಪ್ರೋಗ್ರಾಮನ್ನು ಓಡಿಸಿದರೆ ಯಾವುದು ಸಾಲದೆಂದು ಒಂದೊಂದಾಗಿ ತೋರಿಸುತ್ತದೆ.

ಇಲ್ಲಿ ಒಂದು ಎಚ್ಚರ. ಪ್ರೊಸೆಸರು ಸರಿಯಾಗಿದ್ದು "ಟಿಪಿಎಂ ಇಲ್ಲ" ಎಂದು ಬಂದರೆ ಕೂಡಲೇ ಹತಾಶರಾಗಬೇಡಿ. ಬಹಳಷ್ಟು ಯಂತ್ರಗಳಲ್ಲಿ ಅದು ಒಳಗೇ ಇದ್ದು, ಆರಿಸಿದ ಸ್ಥಿತಿಯಲ್ಲಿರುತ್ತದೆ. ಯಂತ್ರ ಚಾಲೂ ಆಗುವಾಗ ಬರುವ ಬಯಾಸ್ ಪುಟದಲ್ಲಿ ಇಂಟೆಲ್ ಯಂತ್ರವಾದರೆ ‘ಪಿಟಿಟಿ’ ಎಂದೂ, ಎಎಂಡಿ ಯಂತ್ರವಾದರೆ ‘ಎಫ್‌ಟಿಪಿಎಂ’ ಎಂದೂ ಇರುವುದನ್ನು ತಿಳಿದವರಿಂದ ಹಚ್ಚಿಸಿದರೆ ಸಾಕು. ಖರ್ಚಿಲ್ಲದೆ ಮುಗಿಯುವ ಈ ಕೆಲಸಕ್ಕೆ ಬದಲಾಗಿ ಹೊಸ ಯಂತ್ರ ಕೊಂಡವರನ್ನು ನಾನು ಬಲ್ಲೆ.

ಯಂತ್ರ ಅರ್ಹವಾಗಿದ್ದು ಅದರಲ್ಲಿರುವ ವಿಂಡೋಸ್ 10 ಅಸಲಿಯಾಗಿದ್ದರೆ ವಿಂಡೋಸ್ 11ಕ್ಕೆ ಏರುವುದು ಉಚಿತ. ‘ಸೆಟ್ಟಿಂಗ್ಸ್’ ಒಳಗಿನ ‘ವಿಂಡೋಸ್ ಅಪ್‌ಡೇಟ್’ನಲ್ಲೇ ಅದು ಬರುತ್ತದೆ. ಸಾವಿರ ಎರಡು ಸಾವಿರ ಕೇಳಿದರೆ ಅದು ಕೂಲಿಯೇ ಹೊರತು ವಿಂಡೋಸಿನ ಬೆಲೆಯಲ್ಲ. 4 ಜಿಬಿ ಮೆಮೊರಿ ನಿಯಮಕ್ಕೆ ಸಾಕಾದರೂ ಕೆಲಸಕ್ಕೆ ಸಾಲದು, 8 ಜಿಬಿ ಇರಲಿ. ತಿರುಗುವ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ವೇಗ ಯಾವ ಹೊಸ ವಿಂಡೋಸಿನಿಂದಲೂ ಸಿಗುವುದಿಲ್ಲ.

ಖಾತೆ ಮತ್ತು ಕೀಲಿ: ಇದನ್ನು ಎರಡು ಸಲ ಓದಿ

ಮನೆಬಳಕೆಯ ವಿಂಡೋಸ್ 11ನ್ನು ಹೊಸದಾಗಿ ಹೂಡುವಾಗ ಇಂಟರ್ನೆಟ್ಟಿಗೆ ಜೋಡಿಸಿ ಮೈಕ್ರೋಸಾಫ್ಟ್ ಖಾತೆಯೊಂದನ್ನು ಕೊಡುವಂತೆ ಅದು ಕೇಳುತ್ತದೆ. ಅಂಗಡಿಯಲ್ಲಿ ಹೂಡಿಸುವಾಗ ಸಾಮಾನ್ಯವಾಗಿ ಏನಾಗುತ್ತದೆ? ಬೆಳೆಗಾರರ ಬಳಿ ಇ-ಮೇಲ್ ಇರುವುದಿಲ್ಲ, ಇದ್ದರೂ ಪಾಸ್‌ವರ್ಡ್ ಮಗನಿಗೆ ಗೊತ್ತು, ಮಗ ಕರ್ನೂಲಿನ ಕಾಲೇಜಿನಲ್ಲಿ. ಅವಸರಕ್ಕೆ ಅಂಗಡಿಯ ಹುಡುಗ ತನ್ನದೇ ಒಂದು ಖಾತೆ ಹಾಕಿ ಕೆಲಸ ಮುಗಿಸಿಬಿಡುತ್ತಾನೆ. ಆ ದಿನಕ್ಕೆ ಎಲ್ಲವೂ ಸರಿ.

ಆದರೆ 2024ರ ಕೊನೆಯಲ್ಲಿ ಬಂದ 24ಎಚ್2 ಆವೃತ್ತಿಯಿಂದ ಈಚೆಗೆ, ಹೊಸದಾಗಿ ಹೂಡಿದ ಬಹಳಷ್ಟು ಯಂತ್ರಗಳಲ್ಲಿ ಡಿಸ್ಕಿಗೆ ಗುಪ್ತಬೀಗ ತಾನಾಗಿಯೇ ಬೀಳುತ್ತದೆ. ಯಂತ್ರ ಕಳವಾದರೆ ಕಳ್ಳನಿಗೆ ನಿಮ್ಮ ಕಡತಗಳು ಸಿಗಬಾರದೆಂಬುದು ಉದ್ದೇಶ, ಒಳ್ಳೆಯದೇ. ಈ ಬೀಗದ 48 ಅಂಕೆಗಳ ಕೀಲಿಯು ಹೂಡುವಾಗ ಕೊಟ್ಟ ಖಾತೆಯಲ್ಲಿ ಹೋಗಿ ಕೂರುತ್ತದೆ. ಮುಂದೊಂದು ದಿನ ಮದರ್ ಬೋರ್ಡು ಬದಲಾಯಿಸಿದಾಗಲೋ ಬಯಾಸ್ ಮುಟ್ಟಿದಾಗಲೋ ಯಂತ್ರವು ಆ ಕೀಲಿಯನ್ನು ಕೇಳುತ್ತದೆ. ಖಾತೆ ಯಾರದೋ ಆಗಿದ್ದರೆ ಕೀಲಿಯೂ ಅವರದೇ. ಮೈಕ್ರೋಸಾಫ್ಟಿನವರಿಗೆ ಫೋನು ಮಾಡಿದರೂ ಅವರ ಕೈಯಲ್ಲಿ ಬೇರೆ ಕೀಲಿ ಇರುವುದಿಲ್ಲ. ಒಳಗಿನ ಹೊಲದ ಕಾಗದಗಳ ಪ್ರತಿ, ಮಗಳ ಮದುವೆಯ ಚಿತ್ರಗಳು, ಐದು ವರ್ಷದ ಲೆಕ್ಕ, ಎಲ್ಲವೂ ಕಣ್ಣಮುಂದೆಯೇ ಇದ್ದು ಕೈಗೆ ಸಿಗದಂತಾಗುತ್ತದೆ. ಪಾಸ್ ಪುಸ್ತಕವನ್ನು ಬೇರೆಯವರ ಹೆಸರಿನಲ್ಲಿ ಮಾಡಿಸುವವರು ನಮ್ಮಲ್ಲಿ ಯಾರೂ ಇಲ್ಲ. ಇದೂ ಪಾಸ್ ಪುಸ್ತಕವೇ ಎಂದು ತಿಳಿಯಿರಿ. ಖಾತೆ ಮನೆಯವರದೇ ಇರಲಿ, ಅದಕ್ಕೆ ಮನೆಯ ಮೊಬೈಲ್ ನಂಬರು ಜೋಡಿಸಿರಲಿ. ಯಂತ್ರ ಮನೆಗೆ ಬಂದ ವಾರದೊಳಗೆ ಖಾತೆಯ ಪುಟವನ್ನು ತೆರೆದು ಆ 48 ಅಂಕೆಗಳನ್ನು ಕಾಗದದ ಮೇಲೆ ಬರೆದು ಹೊಲದ ಪತ್ರಗಳಿರುವ ಪೆಟ್ಟಿಗೆಯಲ್ಲಿಡಿ.

ಕನ್ನಡದ ಕಡತಗಳು

ನಮ್ಮ ಭಾಗದ್ದೇ ಆದ ಒಂದು ತೊಡಕನ್ನು ಹೇಳಬೇಕು. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಇಂದು ಕಚೇರಿಯ ವ್ಯವಹಾರವೆಲ್ಲ ತೆಲುಗಿನಲ್ಲಿ, ಮನೆಯ ಹಳೆಯ ಕಾಗದಗಳೂ ಎಷ್ಟೋ ಮನೆಗಳ ಮಾತೂ ಕನ್ನಡದಲ್ಲಿ. ಆದುದರಿಂದ ಒಂದೇ ಯಂತ್ರದಲ್ಲಿ ಎರಡೂ ಲಿಪಿಗಳು ಬೇಕಾಗುತ್ತವೆ. ಈ ವಿಷಯದಲ್ಲಿ ಹತ್ತಕ್ಕೂ ಹನ್ನೊಂದಕ್ಕೂ ಭೇದವಿಲ್ಲ. ಎರಡರಲ್ಲೂ ಕನ್ನಡ ಮತ್ತು ತೆಲುಗು ಅಕ್ಷರಗಳು ಮೊದಲೇ ಇವೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಲಿಮಣೆ 2019ರಲ್ಲೇ ವಿಂಡೋಸ್ 10ಕ್ಕೆ ಬಂದಿತು. ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದು ಸ್ಪೇಸ್ ಬಾರನ್ನು ಒತ್ತಿದರೆ ಭಾಷೆ ಬದಲಾಗುತ್ತದೆ. ಯೂನಿಕೋಡಿನ ಪಟ್ಟಿಯಲ್ಲಿ ತೆಲುಗಿಗೂ ಕನ್ನಡಕ್ಕೂ ತಲಾ 128 ಸ್ಥಾನಗಳಿದ್ದು, ಒಂದು ಮುಗಿದಲ್ಲಿ ಇನ್ನೊಂದು ಆರಂಭವಾಗುತ್ತದೆ. ನಮ್ಮ ಹೊಲಗಳಂತೆ ನಡುವೆ ಒಂದೇ ಬದು.

ತೊಡಕು ಇರುವುದು ಹಳೆಯ ‘ನುಡಿ’, ‘ಬರಹ’ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳಲ್ಲಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದರು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್. ಹೊಸ ಯಂತ್ರದಲ್ಲಿ ಆ ಹಳೆಯ ಫಾಂಟು ಇಲ್ಲದಿದ್ದರೆ ಸಂಘದ ನಡವಳಿ ಪುಸ್ತಕವೂ ಪಾಲುಪಟ್ಟಿಯ ಕರಡೂ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. "ಹನ್ನೊಂದು ಹಾಕಿಸಿದ್ದಕ್ಕೆ ಕನ್ನಡ ಹಾಳಾಯಿತು" ಎಂಬ ದೂರು ಇದರಿಂದಲೇ ಹುಟ್ಟಿದ್ದು. ತಪ್ಪು ಹನ್ನೊಂದರದಲ್ಲ. ಹಳೆಯ ಯಂತ್ರ ನಡೆಯುತ್ತಿರುವಾಗಲೇ ಅದರಿಂದ ಫಾಂಟುಗಳನ್ನೂ ಕಡತಗಳನ್ನೂ ತೆಗೆದಿಟ್ಟುಕೊಳ್ಳಿ. ನುಡಿ, ಬರಹ ತಂತ್ರಾಂಶಗಳಲ್ಲೇ ಇರುವ ಪರಿವರ್ತಕದಿಂದ ಅವನ್ನು ಯೂನಿಕೋಡಿಗೆ ಬದಲಾಯಿಸಿ. ಬದಲಾಯಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಓದಿ ನೋಡಬೇಕು, ಹೆಸರುಗಳಲ್ಲೂ ಸರ್ವೆ ನಂಬರುಗಳಲ್ಲೂ ಇನ್ನೂ ಹೆಚ್ಚಾಗಿ.

ಸಂಘಗಳ ಕಾರ್ಯದರ್ಶಿಗಳಿಗೆ

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಅನೇಕ ಸಂಘಗಳಿಗೆ ಹೊಸ ಯಂತ್ರಗಳು ಬಂದಿವೆ. ಆದರೆ ಮೂಲೆಯಲ್ಲಿ ಹಳೆಯದೊಂದು ಇನ್ನೂ ಇರುತ್ತದೆ, ಅದರಲ್ಲಿ ಡಾಸ್ ಕಾಲದ ಲೆಕ್ಕದ ಪ್ರೋಗ್ರಾಮು ಇರುತ್ತದೆ. 32 ಬಿಟ್ ವಿಂಡೋಸ್ 10ರಲ್ಲಿ ಇಂಥವು ಹೇಗೋ ಓಡುತ್ತಿದ್ದವು. ವಿಂಡೋಸ್ 11 ಪೂರ್ತಿ 64 ಬಿಟ್ ಆದುದರಿಂದ ನೇರವಾಗಿ ಓಡುವುದಿಲ್ಲ. ‘ಡಾಸ್‌ಬಾಕ್ಸ್’ ಎಂಬ ಉಚಿತ ಪ್ರೋಗ್ರಾಮಿನೊಳಗೆ ಓಡಿಸಿ ನೋಡಬಹುದು. ಹೇಗಾದರೂ ಮೊದಲು ಹಳೆಯ ಬಾಕಿ ಪಟ್ಟಿಗಳನ್ನೆಲ್ಲ ಕಾಗದಕ್ಕೆ ಅಚ್ಚು ಹಾಕಿಸಿ. ತೂಕದ ಸೇತುವೆಗೆ ಜೋಡಿಸಿದ ಸೀರಿಯಲ್ ತಂತಿ, ಚೀಟಿ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಡಿಜಿಟಲ್ ಸಹಿಯ ಟೋಕನ್, ಈ ಮೂರನ್ನೂ ಹೊಸ ವಿಂಡೋಸಿನಲ್ಲಿ ಪರೀಕ್ಷಿಸದೆ ಕಟಾವಿನ ಹಂಗಾಮಿನ ನಡುವೆ ಯಂತ್ರ ಬದಲಾಯಿಸಬಾರದು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾತ್ರ ಒಪ್ಪುತ್ತಿದ್ದ ಹಳೆಯ ಸರ್ಕಾರಿ ಪುಟಗಳಿದ್ದರೆ, ಹನ್ನೊಂದರಲ್ಲಿ ಅದು ಇಲ್ಲ. ‘ಎಡ್ಜ್’ ಬ್ರೌಸರಿನಲ್ಲಿ ಅದಕ್ಕೆಂದೇ ಒಂದು ಬಗೆ ಇದೆ.

ಯಂತ್ರ ಅರ್ಹವಲ್ಲದಿದ್ದರೆ?

ಮೈಕ್ರೋಸಾಫ್ಟ್ ಕಂಪನಿಯು ಮನೆಬಳಕೆಯ ವಿಂಡೋಸ್ 10ಕ್ಕೆ ಹೆಚ್ಚುವರಿಯಾಗಿ ಒಂದು ವರ್ಷದ ದುರಸ್ತಿ ಸೇವೆಯನ್ನು ಪ್ರಕಟಿಸಿ, ಅದರ ಕೊನೆಯ ದಿನವನ್ನು 2026ರ ಅಕ್ಟೋಬರ್ 13 ಎಂದು ಗೊತ್ತುಮಾಡಿತು. ಇದಕ್ಕೆ 30 ಡಾಲರ್ ಬೆಲೆಯಿಟ್ಟರೂ, ಯಂತ್ರದ ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸುವವರಿಗೆ ಹಣವಿಲ್ಲದೆಯೂ ಕೊಡುವುದಾಗಿ ಹೇಳಿತು. ಇದು ಯೋಚಿಸಲು ಕೊಟ್ಟ ಸಮಯ, ಪರಿಹಾರವಲ್ಲ.

ಪರಿಹಾರವೆಂದು ನಾನು ಹೇಳುವುದು ಲಿನಕ್ಸ್. ಉಬುಂಟು, ಲಿನಕ್ಸ್ ಮಿಂಟ್, ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯ ‘ಬಾಸ್’, ಇವು ಉಚಿತ. ಟಿಪಿಎಂ ಕೇಳುವುದಿಲ್ಲ, ವಿಂಡೋಸ್ ಬೇಡವೆಂದ ಯಂತ್ರಗಳಲ್ಲೂ ನಡೆಯುತ್ತವೆ, ದುರಸ್ತಿಯೂ ವರ್ಷಗಟ್ಟಲೆ ಬರುತ್ತದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹಳ ವರ್ಷಗಳಿಂದ ಇದೇ ಇದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರ ಮೇಲೆಯೇ ಕಲಿಯುತ್ತಾರೆ. ಪತ್ರ, ಪಟ್ಟಿ, ಇಂಟರ್ನೆಟ್, ಕನ್ನಡ, ತೆಲುಗು, ಎಲ್ಲಕ್ಕೂ ಆಗುತ್ತದೆ. ಟ್ಯಾಲಿ ಮುಂತಾದ ವಿಂಡೋಸಿನ ಪ್ರೋಗ್ರಾಮುಗಳು ಮಾತ್ರ ನೇರವಾಗಿ ನಡೆಯವು. ಅಂಗಡಿ ಲೆಕ್ಕ ಇಡುವವರು ಇದನ್ನು ನೋಡಿಕೊಳ್ಳಬೇಕು.

ಎರಡೂ ಬೇಡ, ಹಳೆಯ ಹತ್ತೇ ಇರಲಿ ಎನ್ನುವವರು ಆ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ ಬರೆಯುವುದಕ್ಕೂ ಪ್ರಿಂಟಿಗೂ ಇಟ್ಟುಕೊಳ್ಳಬಹುದು. ಬ್ಯಾಂಕಿನ ವ್ಯವಹಾರ ಅದರಲ್ಲಿ ಬೇಡ. ವಿಂಡೋಸ್ 7ರವರ ಅನುಭವ ಗೊತ್ತಿರಲಿ: 2020ರ ಜನವರಿಯಲ್ಲಿ ಅದರ ಸೇವೆ ನಿಂತಿತು, 2023ರ ಫೆಬ್ರವರಿಯಲ್ಲಿ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿ ಅದನ್ನು ಕೈಬಿಟ್ಟಿತು. "ಆಂಟಿವೈರಸ್ ಇದೆಯಲ್ಲ" ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ಕಡಿದಾಗ ಕಟ್ಟೆಯ ಗೋಡೆ ಗಟ್ಟಿಯಾಗಿಯೇ ಇತ್ತು, ಉಳಿದ 32 ಗೇಟುಗಳೂ ಇದ್ದವು, ಕಾವಲಿನವರೂ ಇದ್ದರು. ನೀರು ಆ ಒಂದರಲ್ಲಿ ಹೋಯಿತು.

"ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ಕಂಪನಿಯಿಂದ ಮಾತಾಡುತ್ತಿದ್ದೇವೆ" ಎಂದು ಫೋನು ಬಂದರೆ ಇಟ್ಟುಬಿಡಿ. ಕಂಪನಿ ಹಾಗೆ ಫೋನು ಮಾಡುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ.

ಬದಲಾಯಿಸುವ ದಿನ

ಏರಿಸುವ ಮೊದಲು ಮುಖ್ಯ ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ, ಒಂದು ಪೆನ್ ಡ್ರೈವಿನಲ್ಲಿ, ಇನ್ನೊಂದು ಹೊರಗಿನ ಡಿಸ್ಕಿನಲ್ಲಿ. ಹಲವು ಜಿಬಿ ಇಳಿಯಬೇಕಾದುದರಿಂದ ಮೊಬೈಲಿನ ದಿನದ ಡೇಟಾ ಸಾಲದು. ಕೆಲಸಕ್ಕೆ ಕೆಲವು ಗಂಟೆಗಳು ಹಿಡಿಯುತ್ತವೆ, ನಡುವೆ ಕರೆಂಟು ಹೋದರೆ ಯಂತ್ರ ಅರ್ಧಕ್ಕೆ ನಿಲ್ಲಬಹುದು. ಯುಪಿಎಸ್ ಇಲ್ಲದವರು ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿಸಿಕೊಂಡು ಕರೆಂಟು ಖಾತ್ರಿಯಿರುವ ಹೊತ್ತು ನೋಡಿ ಕೂರಬೇಕು. ಏರಿಸಿದ ಮೇಲೆ ಹಿಡಿಸದಿದ್ದರೆ 10 ದಿನಗಳೊಳಗೆ ‘ಸೆಟ್ಟಿಂಗ್ಸ್’ನ ‘ರಿಕವರಿ’ಯಿಂದ ಹಿಂದಿನದಕ್ಕೆ ಮರಳಬಹುದು. ಆ ಹತ್ತು ದಿನಗಳಲ್ಲೇ ಪ್ರಿಂಟರು, ಕನ್ನಡ ಕಡತ, ಲೆಕ್ಕದ ಪ್ರೋಗ್ರಾಮು ಎಲ್ಲವನ್ನೂ ಒಂದೊಂದಾಗಿ ತೆರೆದು ನೋಡಿಬಿಡಿ.

ಹಳೆಯ ಯಂತ್ರವನ್ನು ಮಾರುವವರು ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಉಳಿಸಿಕೊಳ್ಳಬೇಕು. ಅಳಿಸಿದ ಕಡತಗಳನ್ನು ತಿಳಿದವರು ಮತ್ತೆ ತೆಗೆಯಬಲ್ಲರು. ಡಿಸ್ಕಿಲ್ಲದ ಯಂತ್ರಕ್ಕೆ ಕೊಳ್ಳುವವರು ಐನೂರು ಸಾವಿರ ಕಡಮೆ ಕೇಳಿದರೆ ಕೇಳಲಿ, ಅದರಲ್ಲಿ ನಿಮ್ಮ ಆಧಾರ್ ಪ್ರತಿ, ಪಾಸ್ ಪುಸ್ತಕದ ಪ್ರತಿ, ಮನೆಯವರೆಲ್ಲರ ಸಹಿ ಇರುತ್ತದೆ.